ಜೇನು ಪೆಟ್ಟಿಗೆಗೆ ತಂತಿ ಎಳೆದ ಮಳೆಗಾಲ

ಹೋದ ವಾರ ಬಿಸಿಲೆ ಕಡೆಯ ಬೆಳೆಗಾರರೊಬ್ಬರು ಕಾಫಿಯ ತೇವ ಅಳೆಯುವ ಮೀಟರೊಂದನ್ನು ತಂದು ನನ್ನ ಅಂಗಡಿಯ ಮೇಜಿನ ಮೇಲೆ ಇಟ್ಟರು. ಬಹಳ ಕಾಲ ಅಟ್ಟದ ಮೇಲೆ ಬಿದ್ದಿತ್ತಂತೆ. ಮುಚ್ಚಳ ಬಿಚ್ಚಿದರೆ ಒಳಗೆ ನಸರಿ ಜೇನಿನ ಹುಳಗಳು ಮೇಣ ಮೆತ್ತಿ, ಸಂಸಾರ ಹೂಡಿ, ಎದ್ದು ಹೋಗಿದ್ದವು. ಕಾದ ಸೋಲ್ಡರಿಂಗ್ ಕಡ್ಡಿ ತಾಗಿದ್ದೇ ತಡ, ಮೇಣವೂ ರಾಳವೂ ಒಟ್ಟಿಗೆ ಸುಟ್ಟ ವಾಸನೆ ಮೂಗಿಗೆ ಹೊಡೆಯಿತು. ಅವರು ಯಾವಾಗ ಕೊಡುತ್ತೀರಿ ಅಂತ ಏನೋ ಕೇಳುತ್ತಿದ್ದರು. ನಾನು ಕೂತಲ್ಲಿಂದಲೇ ವನಗೂರಿಗೆ ಹೋಗಿಬಿಟ್ಟಿದ್ದೆ. ಆ ವಾಸನೆಯಲ್ಲಿ ನನ್ನ ಒಂದು ಇಡೀ ಮಳೆಗಾಲ ಇದೆ.

ಸಕಲೇಶಪುರದ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ನನ್ನದು ರಿಪೇರಿ ಅಂಗಡಿ. ತೇವದ ಮೀಟರು, ಎಲೆಕ್ಟ್ರಾನಿಕ್ ತಕ್ಕಡಿ, ಇನ್ವರ್ಟರು ಎಲ್ಲ ಬರುತ್ತವೆ. ಕಾಫಿ ಕುಯ್ಲಿನ ಕಾಲದಲ್ಲಿ ಊಟಕ್ಕೂ ಪುರುಸೊತ್ತು ಇರುವುದಿಲ್ಲ, ಮಳೆಗಾಲದಲ್ಲಿ ನೊಣ ಹೊಡೆಯುವುದೇ ಕೆಲಸ. ಹಾಗಾಗಿ ನಾಲ್ಕು ವರ್ಷದ ಹಿಂದೆ, ಮಳೆ ಶುರುವಾಗುತ್ತಿದ್ದಂತೆಯೇ ವನಗೂರಿನ ಗಿರಿಜತ್ತೆ ಪಾಚಿ ಕಟ್ಟಿದ ಮೆಟ್ಟಿಲ ಮೇಲೆ ಜಾರಿ ಕಾಲು ಮುರಿದುಕೊಂಡಾಗ, ಅಂಗಡಿಗೆ ಬೀಗ ಹಾಕಿ, ಸಾಮಾನಿನ ಚೀಲ ಮತ್ತು ಹಳೆಯ ಲ್ಯಾಪ್‌ಟಾಪ್ ಹೊತ್ತು ಜೀಪು ಹತ್ತಿದವಳು ನಾನೇ. ಅತ್ತೆ ಎಂದರೆ ನನ್ನ ಅಪ್ಪನ ತಂಗಿ. ಮಂಡಿಯವರೆಗೆ ಪ್ಲಾಸ್ಟರು ಹಾಕಿಸಿಕೊಂಡು ಜಗುಲಿಯ ಮಂಚದ ಮೇಲೆ ಕೂತಿದ್ದರು. ನೋವಿನ ಮಾತೇ ಇಲ್ಲ. ನಾನು ಚೀಲ ಇಳಿಸುವ ಮೊದಲೇ, ಹೋಗಿ ಪೆಟ್ಟಿಗೆ ತಟ್ಟಿ ಬಾ ಎಂದರು.

ಪೆಟ್ಟಿಗೆ ಎಂದರೆ ಜೇನು ಪೆಟ್ಟಿಗೆ. ಕಾಫಿ ಕಣದ ಅಂಚಿನಲ್ಲಿ ಸಾಲಾಗಿ ಹತ್ತಾರು ಪೆಟ್ಟಿಗೆ ಇಟ್ಟು ತುಡುವೆ ಜೇನು ಸಾಕಿದ್ದ ಹೆಂಗಸು ಅವರು. ಹಿಂದಿನ ವರ್ಷ ಮರಿಹುಳ ಕೊಳೆಯುವ ಕಾಯಿಲೆ ಬಂದು ಒಂದೊಂದಾಗಿ ಎಲ್ಲ ಖಾಲಿಯಾಗಿದ್ದವು. ಉಳಿದಿದ್ದು ಒಂದು. ಪ್ರತಿ ಪೆಟ್ಟಿಗೆ ಸತ್ತಾಗಲೂ ಅತ್ತೆ ಊಟ ಬಿಟ್ಟು ಕೂರುತ್ತಿದ್ದರಂತೆ. ಅದನ್ನು ನೋಡಲಾಗದೆ ಮಾವ, ಇದೊಂದು ಗೀಳು ಸಾಕು, ಮಳೆ ಬಿಟ್ಟ ಮೇಲೆ ಖಾಲಿ ಪೆಟ್ಟಿಗೆಗಳನ್ನು ಮಗ್ಗೆಯ ಶಿವಣ್ಣನಿಗೆ ಕೊಟ್ಟುಬಿಡೋಣ ಎಂದು ಹಟ ಹಿಡಿದಿದ್ದರು. ಶಿವಣ್ಣನೂ ಜೇನು ಸಾಕುವವನು, ಕೊಟ್ಟರೆ ಕಣ್ಣಿಗೆ ಒತ್ತಿಕೊಳ್ಳುತ್ತೇನೆ ಎಂದಿದ್ದ. ಕೊನೆಗೆ ಗಂಡ ಹೆಂಡಿರ ನಡುವೆ ಒಂದು ಒಪ್ಪಂದ ಆಗಿತ್ತು: ಈ ಮಳೆಯಲ್ಲಿ ಆ ಒಂದು ಪೆಟ್ಟಿಗೆ ಉಳಿದರೆ ಸರಿ, ಹೋದರೆ ಎಲ್ಲವೂ ಮಗ್ಗೆಗೆ.

"ಅದೊಂದು ಉಳ್ಕಂಡ್ರೆ ಸಾಕು ಕಣೇ ಮಗಾ," ಎಂದರು ಅತ್ತೆ. "ಒಂದ್ರಿಂದ ಹತ್ತು ಮಾಡ್ತೀನಿ. ಅದೂ ಹೋಯ್ತು ಅಂದ್ರೆ ಇನ್ ನನ್ ಕೈಲಾಗಕಿಲ್ಲ."

ನಮ್ಮ ಕಡೆ ಒಂದು ಕಟ್ಟಳೆ ಇದೆ. ಆರಿದ್ರಾ ಮಳೆ ಹೊಕ್ಕ ಮೇಲೆ ಮಖೆ ಬರುವವರೆಗೆ ಜೇನು ಪೆಟ್ಟಿಗೆಯ ಮುಚ್ಚಳ ತೆಗೆಯುವಂತಿಲ್ಲ. ತೆಗೆದರೆ ಥಂಡಿ ನುಗ್ಗಿ ಮರಿಗಳು ಸಾಯುತ್ತವೆ. ಬದುಕಿವೆಯೋ ಇಲ್ಲವೋ ತಿಳಿಯಬೇಕೆಂದರೆ ಬೆರಳ ಗಿಣ್ಣಿನಿಂದ ಪೆಟ್ಟಿಗೆ ತಟ್ಟಿ ಕಿವಿಯಿಡಬೇಕು. ಒಳಗಿನಿಂದ ಝುಂ ಎಂದು ಒಂದು ಉತ್ತರ ಬರುತ್ತದೆ. ಅತ್ತೆ ದಿನಾ ಮಾಡುತ್ತಿದ್ದ ಆ ಕೆಲಸ ಈಗ ಮಾವನ ಪಾಲಿಗೆ ಬಂದಿತ್ತು. ಅವರು ಕೊಡೆ ಹಿಡಿದು ಹೋಗಿ ತಟ್ಟಿ ಬಂದು, ಅದಾವೆ ಎನ್ನುತ್ತಿದ್ದರು. ಅತ್ತೆ ನಂಬುತ್ತಿರಲಿಲ್ಲ. ಊಟಕ್ಕೆ ಕರೆದರೇ ಕೇಳಿಸದ ಕಿವಿಗೆ, ಪೆಟ್ಟಿಗೆಗೆ ಹೊದಿಸಿದ ತಗಡಿನ ಮೇಲೆ ಬೀಳುವ ಮಳೆಯಲ್ಲಿ ಹುಳದ ದನಿ ಕೇಳಿಸಿತಂತೆ, ಎಂದು ನನ್ನ ಕಡೆ ತಿರುಗಿ ಗೊಣಗುತ್ತಿದ್ದರು.

ನನ್ನ ತಲೆಗೆ ಹುಳ ಹೊಕ್ಕಿದ್ದು ಆಗ. ಮರಿ ಇರುವ ಗೂಡನ್ನು ಜೇನು ಹುಳಗಳು ಮನುಷ್ಯರ ಮೈಯಷ್ಟೇ ಬೆಚ್ಚಗೆ ಇಡುತ್ತವೆ ಎಂದು ಅತ್ತೆಯೇ ಹೇಳಿದ್ದರು. ಹಾಗಾದರೆ ತಟ್ಟುವುದೇಕೆ, ಕಿವಿಯಿಡುವುದೇಕೆ? ಒಳಗೊಂದು ಶಾಖ ಅಳೆಯುವ ಚಿಪ್ ಇಟ್ಟು, ತಂತಿ ಎಳೆದು, ಅತ್ತೆಯ ಮಂಚದ ಪಕ್ಕದಲ್ಲೇ ಅಂಕಿ ಬರುವಂತೆ ಮಾಡಿದರೆ? ಬೆಸುಗೆ ನನಗೆ ನೀರು ಕುಡಿದಷ್ಟು ಸುಲಭ. ಆದರೆ ಪ್ರೋಗ್ರಾಮು ಬರೆಯುವುದು? ಒಂದು ಸಾಲು ಬರೆದವಳಲ್ಲ. ಆದರೂ ಅವತ್ತೇ ತೋಟದ ಸಿಲ್ವರ್ ಓಕ್ ಮರದ ಬುಡಕ್ಕೆ ಓಡಿ, ಸಿಗ್ನಲ್ ಸಿಕ್ಕ ಜಾಗದಲ್ಲಿ ನೆನೆಯುತ್ತ ನಿಂತು, ಎರಡು ಚಿಪ್, ಪ್ರೋಗ್ರಾಮು ಓಡಿಸುವ ಒಂದು ಪುಟ್ಟ ಬೋರ್ಡು, ಒಂದು ಪರದೆಗೆ ಆರ್ಡರ್ ಮಾಡಿ, ಚಿಪ್ಪಿನ ಕೈಪಿಡಿಯನ್ನೂ ಮಾದರಿ ಪ್ರೋಗ್ರಾಮುಗಳನ್ನೂ ಇಳಿಸಿಕೊಂಡೆ. ಸಕಲೇಶಪುರದಿಂದ ಜೀಪಿನಲ್ಲಿ ಸಕ್ಕರೆ ಮೂಟೆಯ ಜೊತೆ ಅವು ಬಂದಾಗ ಮೃಗಶಿರಾ ಮುಗಿಯುತ್ತ ಬಂದಿತ್ತು. ಆರಿದ್ರಾ ಹೊಕ್ಕರೆ ಪೆಟ್ಟಿಗೆ ತೆರೆಯುವಂತಿಲ್ಲ. ನನಗೆ ಸಿಕ್ಕಿದ್ದು ಅಷ್ಟೇ ಸಮಯ.

ಚಿಪ್ ಎಂದರೆ ಅವರೆಕಾಳಿಗಿಂತ ಚಿಕ್ಕದು, ಕಪ್ಪು, ಮೂರು ಕಾಲು. ಒಂದು ಕಾಲಿಗೆ ಕರೆಂಟು, ಒಂದು ಅರ್ಥಿಂಗಿಗೆ, ಉಳಿದ ಒಂದೇ ಕಾಲಿನಲ್ಲಿ ಕೇಳುವುದು ಹೇಳುವುದು ಎರಡೂ ಆಗಬೇಕು. ಬೋರ್ಡು ಆ ತಂತಿಯ ವೋಲ್ಟೇಜನ್ನು ಒಂದು ಚಣ ಕೆಳಗೆ ಎಳೆದು ಬಿಡುತ್ತದೆ. ಚಿಪ್ ಬದುಕಿದ್ದರೆ ತಾನೂ ಒಮ್ಮೆ ಎಳೆದು ಇದ್ದೇನೆ ಎನ್ನುತ್ತದೆ. ಇದನ್ನು ಕೈಪಿಡಿಯಲ್ಲಿ ಓದಿದಾಗ ನನಗೆ ಮೈ ಝುಂ ಎಂದಿತು. ಇದು ಅತ್ತೆ ಪೆಟ್ಟಿಗೆ ತಟ್ಟುವ ರೀತಿಯೇ ಅಲ್ಲವೇ! ಆಮೇಲೆ ಒಂದಾದ ಮೇಲೊಂದರಂತೆ ಸೊನ್ನೆ, ಒಂದು, ಸೊನ್ನೆ, ಒಂದು ಎಂದು ಆಜ್ಞೆ ಕಳಿಸಬೇಕು, ಅದೇ ತಂತಿಯಲ್ಲಿ ಉತ್ತರವೂ ಹಾಗೇ ಸಾಲಾಗಿ ಬರಬೇಕು.

ಬರಲಿಲ್ಲ. ಒಂದಿಡೀ ದಿನ ತಟ್ಟಿದ್ದೇ ತಟ್ಟಿದ್ದು, ಆ ಕಡೆ ಮೌನ. ನೋಡಿದರೆ ಯಾರೇ ಕೆಳಗೆ ಎಳೆದು ಬಿಟ್ಟರೂ ತಂತಿಯನ್ನು ಮತ್ತೆ ಮೇಲಕ್ಕೆ ಎತ್ತಲು ಒಂದು ರೆಸಿಸ್ಟರ್ ಬೇಕಿತ್ತು, ಅದನ್ನೇ ಹಾಕಿರಲಿಲ್ಲ. ಚೀಲದಲ್ಲಿದ್ದ ಸತ್ತ ಮೀಟರೊಂದರ ಹೊಟ್ಟೆ ಬಗೆದು ಹಳದಿ, ನೇರಳೆ, ಕೆಂಪು ಪಟ್ಟೆಯದನ್ನು ಕಿತ್ತು ಬೆಸೆದೆ. ತಕ್ಷಣ ಉತ್ತರ ಬಂತು: ಎಂಬತ್ತೈದು ಡಿಗ್ರಿ. ಕಾಫಿ ಕುಡಿಯುತ್ತಿದ್ದ ಮಾವ ಎದ್ದು ಬಂದು ಆ ಚಿಪ್ಪನ್ನು ಬೆರಳಲ್ಲಿ ಮುಟ್ಟಿ ನೋಡಿ, ಹಂಗಾದ್ರೆ ಇದ್ರ ಮೇಲೇ ಅನ್ನ ಬೇಯ್ಸಬೋದು ಎಂದು ಹೇಳಿ ಹೋಗಿ ಮತ್ತೆ ಕೂತರು.

ಅರ್ಧ ದಿನ ಚಿಪ್ಪಿಗೆ ಬೈದೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ತಪ್ಪು ನನ್ನ ಅವಸರದ್ದು. ಆ ಚಿಪ್ ಎದ್ದ ಕೂಡಲೇ, ಏನೂ ಅಳೆಯುವ ಮೊದಲು, ಅದರ ಬಾಯಲ್ಲಿರುವ ಅಂಕಿಯೇ ಎಂಬತ್ತೈದು. ಅಳೆ ಎಂದು ಹೇಳಿ ಮುಕ್ಕಾಲು ಸೆಕೆಂಡು ಕಾದು ಆಮೇಲೆ ಕೇಳಬೇಕು. ನಾನು ಹೇಳಿದ ಮರುಗಳಿಗೆಯೇ ಎಷ್ಟು, ಎಷ್ಟು ಎಂದು ಪೀಡಿಸಿದ್ದೆ. ಕಾದು ಕೇಳಿದೆ. ಇಪ್ಪತ್ತೊಂದೂವರೆ ಎಂದಿತು. ಅತ್ತೆಯ ಮುಷ್ಟಿಯೊಳಗೆ ಇಟ್ಟೆ. ಇಪ್ಪತ್ತಾರು, ಇಪ್ಪತ್ತೊಂಬತ್ತು, ಮೂವತ್ತೆರಡು. ಅತ್ತೆ ಮುಷ್ಟಿ ಬಿಚ್ಚಿದರೆ ಇಳಿಯುತ್ತದೆ, ಮುಚ್ಚಿದರೆ ಏರುತ್ತದೆ. ನಾವಿಬ್ಬರೂ ಮಕ್ಕಳ ಹಾಗೆ ಅದನ್ನೇ ಎಷ್ಟು ಹೊತ್ತು ಆಡಿದೆವೋ, ಒಲೆಯ ಮೇಲಿನ ಸಾರು ತಳ ಹಿಡಿಯಿತು.

ಇನ್ನೊಂದು ತಾಪತ್ರಯ ಇತ್ತು. ಒಂದು ಚಿಪ್ ಪೆಟ್ಟಿಗೆಯ ಒಳಗೆ, ಇನ್ನೊಂದು ಹೊರಗೆ, ಎರಡೂ ಒಂದೇ ತಂತಿಯ ಮೇಲೆ. ಆಲೂರು ಸಂತೆಯಲ್ಲಿ ನಿಂತು ಗೌಡ್ರೇ ಎಂದು ಕೂಗಿದರೆ ಹತ್ತು ತಲೆ ತಿರುಗುವ ಹಾಗೆ, ಎರಡೂ ಒಟ್ಟಿಗೆ ಉತ್ತರಿಸಿ ಅಂಕಿ ಕಲಸುಮೇಲೋಗರವಾಯಿತು. ಆದರೆ ಹುಟ್ಟುವಾಗಲೇ ಪ್ರತಿ ಚಿಪ್ಪಿನೊಳಗೂ ಬೇರಾವುದಕ್ಕೂ ಇಲ್ಲದ ಒಂದು ಸಂಖ್ಯೆ ಕೊರೆದಿರುತ್ತಾರೆ. ಆ ಸಂಖ್ಯೆ ಹಿಡಿದು ಕರೆದರೆ ಅದೊಂದೇ ಮಾತಾಡುತ್ತದೆ, ಮಿಕ್ಕವು ಸುಮ್ಮನಿರುತ್ತವೆ. ಇನ್ನು ಎಷ್ಟು ಸಣ್ಣ ಲೆಕ್ಕದಲ್ಲಿ ಅಳೆಯಬೇಕೆಂದೂ ಅದಕ್ಕೆ ಹೇಳಿಕೊಡಬಹುದು. ಅರ್ಧ ಡಿಗ್ರಿಯ ಲೆಕ್ಕ ಸಾಕೆಂದರೆ ಥಟ್ಟನೆ ಉತ್ತರ, ಡಿಗ್ರಿಯ ಹದಿನಾರನೇ ಒಂದು ಪಾಲಿನ ಲೆಕ್ಕ ಬೇಕೆಂದರೆ ಆ ಮುಕ್ಕಾಲು ಸೆಕೆಂಡು. ಕಾಯುವ ಗುಣ ನನ್ನ ಜಾತಕದಲ್ಲೇ ಇಲ್ಲ, ಅರ್ಧ ಡಿಗ್ರಿ ಸಾಕು ಎಂದು ಅದರ ನೆನಪಿನಲ್ಲಿ ಬರೆದುಬಿಟ್ಟೆ. ಕರೆಂಟು ಹೋದರೂ ಚಿಪ್ ಅದನ್ನು ಮರೆಯುವುದಿಲ್ಲ, ವನಗೂರಿನಲ್ಲಿ ಅದು ದೊಡ್ಡ ಮಾತು.

ಮೃಗಶಿರಾದ ಕೊನೆಯ ಮಧ್ಯಾಹ್ನ ಮಳೆ ಹೊಳವು ಕೊಟ್ಟು ಕಣದ ಮೇಲೆ ಬಿಸಿಲು ಬಿತ್ತು. ಮಾವನೂ ಜೀಪಿನವನೂ ಅತ್ತೆಯನ್ನು ಕುರ್ಚಿ ಸಮೇತ ಎತ್ತಿ ತಂದು ಪೆಟ್ಟಿಗೆಯ ಎದುರು ಕೂರಿಸಿದರು. ಅತ್ತೆ ಹೇಳಿದ ಹಾಗೆ ನಾನು ಮುಚ್ಚಳ ಸರಿಸಿ, ಹುಳಗಳು ಕಟ್ಟಿದ ಮೇಣದ ಹಲ್ಲೆಗಳಲ್ಲಿ, ನಡುವಿನ ಎರಡು ಎರಿಗಳ ಸಂದಿನಲ್ಲಿ ಚಿಪ್ಪನ್ನು ಇಳಿಬಿಟ್ಟು ಮುಚ್ಚಿದೆ. ಇನ್ನೊಂದನ್ನು ಮಳೆ ತಾಗದಿರಲೆಂದು ಪೆಟ್ಟಿಗೆಯ ತಳದ ಕೆಳಗೆ ನೇತುಹಾಕಿದೆ. ಹುಬ್ಬಿನ ಮೇಲೆ ಒಂದು ಹುಳ ಕಚ್ಚಿತು, ಗೊತ್ತೇ ಆಗಲಿಲ್ಲ. ಕೆಲಸ ನಿಂತ ಲ್ಯಾಂಡ್‌ಲೈನ್ ಫೋನಿನ ತಂತಿ ಅಟ್ಟದಲ್ಲಿ ಸುರುಳಿಗಟ್ಟಲೆ ಇತ್ತು, ಮೇಣ ಮೆತ್ತಿದ ಕೈಯಲ್ಲೇ ಅದನ್ನು ಬೆಸೆದು ಜಗುಲಿಗೆ ಎಳೆದೆ. ಮಂಚದ ಪಕ್ಕದ ಪುಟ್ಟ ಪರದೆಯಲ್ಲಿ ಎರಡು ಸಾಲು ಮೂಡಿದವು. ಮೇಲೆ ಮೂವತ್ತನಾಲ್ಕೂವರೆ, ಕೆಳಗೆ ಇಪ್ಪತ್ತು.

ಆರಿದ್ರಾ ಮಳೆ ಆರದೆ ಹುಯ್ಯುತ್ತದೆ ಎನ್ನುತ್ತಾರೆ, ಹಾಗೇ ಹುಯ್ಯಿತು. ಕೆಳಗಿನ ಅಂಕಿ ಗಾಳಿಗೆ, ಮಳೆಗೆ, ಮಂಜಿಗೆ ಇಳಿಯುತ್ತ ಏರುತ್ತ ಇತ್ತು. ಮೇಲಿನದು ಮಾತ್ರ ಅಲ್ಲಾಡಲಿಲ್ಲ. ಬೆರಳುಗುರಿನಷ್ಟು ಹುಳಗಳು ಮೈ ನಡುಗಿಸಿ ನಡುಗಿಸಿ ಅಷ್ಟು ಮಳೆಯ ನಡುವೆ ತಮ್ಮ ಮರಿಗಳನ್ನು ಬೆಚ್ಚಗಿಟ್ಟಿವೆ, ನಾನದನ್ನು ಇಲ್ಲಿ ಕೂತು ಓದುತ್ತಿದ್ದೇನೆ! ನನಗೆ ಖುಷಿಗೆ ನಿದ್ದೆ ಬರುತ್ತಿರಲಿಲ್ಲ. ಅತ್ತೆ ಕಣ್ಣು ಬಿಟ್ಟ ಕೂಡಲೇ ಮೊದಲು ನೋಡುವುದು ಪರದೆ, ಆಮೇಲೆ ದೇವರು. ಅದೆಲ್ಲ ಯಾರಿಗೆ ಬೇಕು ಎನ್ನುತ್ತಿದ್ದ ಮಾವ ಹಲ್ಲುಜ್ಜುತ್ತ ಬಂದು ಓರೆಗಣ್ಣಲ್ಲಿ ನೋಡಿ ಹೋಗುತ್ತಿದ್ದರು.

ಪುಷ್ಯ ಮಳೆಯಲ್ಲಿ ಮೇಲಿನ ಅಂಕಿ ಇಳಿಯಲು ಶುರುವಾಯಿತು. ಒಂದು ದಿನ ಮೂವತ್ತೊಂದು. ಮರುದಿನ ಇಪ್ಪತ್ತೇಳು. ತಂತಿ ನೋಡಿದೆ, ಬೆಸುಗೆ ನೋಡಿದೆ, ಎಲ್ಲ ಸರಿ ಇತ್ತು. ಇಪ್ಪತ್ತೆರಡೂವರೆಗೆ ಬಂದು ನಿಂತಾಗ ಮಾವ ತಟ್ಟಿ ಬರಲು ಹೋದರು. ತಗಡಿನ ಸದ್ದಿನಲ್ಲಿ ಏನೂ ಕೇಳಿಸಲಿಲ್ಲ ಎಂದು ಮೊದಲ ಸಲ ನಿಜ ಹೇಳಿದರು. ತೆರೆದು ನೋಡಿದರೆ, ಬದುಕಿದ್ದರೂ ಆ ಥಂಡಿಗೆ ಸಾಯುತ್ತವೆ. ಶಿವಣ್ಣ ಜೀಪಿನವನ ಕೈಲಿ ಕೇಳಿ ಕಳಿಸಿದ್ದಾನೆ, ಏನು ಹೇಳಲಿ ಎಂದು ಮಾವ ಕೇಳಿದರು. ಅತ್ತೆ ಗೋಡೆಯ ಕಡೆ ಮುಖ ತಿರುಗಿಸಿ ಮಲಗಿದರು, ಮಧ್ಯಾಹ್ನದ ಊಟ ಮುಟ್ಟಲಿಲ್ಲ. ಈ ಅಂಕಿಗಳು ಇಲ್ಲದಿದ್ದರೆ ಅವರು ಇನ್ನೂ ಆಸೆಯಲ್ಲಾದರೂ ಇರುತ್ತಿದ್ದರಲ್ಲ ಎಂದು ನನಗೆ ಅನಿಸಿತು.

ಮರುದಿನ ಮಧ್ಯಾಹ್ನ ಅತ್ತೆಯೇ ನನ್ನನ್ನು ಕೂಗಿದರು. ಓಡಿ ಬಂದು ನೋಡಿದೆ. ಇಪ್ಪತ್ತೈದೂವರೆ! ನೋಡನೋಡುತ್ತಿದ್ದಂತೆ ಇಪ್ಪತ್ತೇಳು, ಇಪ್ಪತ್ತೊಂಬತ್ತು. ಅತ್ತೆ ಎದ್ದು ಕೂತು ನನ್ನ ಕೈ ಹಿಡಿದುಕೊಂಡಿದ್ದರು. ನಾನು ಕುಣಿಯುವುದೊಂದು ಬಾಕಿ. ಆಗ ಕೆಳಗಿನ ಸಾಲು ಕಣ್ಣಿಗೆ ಬಿತ್ತು. ಹೊರಗೆ ನಲವತ್ತೊಂದು. ವನಗೂರಿನಲ್ಲಿ, ಪುಷ್ಯ ಮಳೆಯಲ್ಲಿ, ನಲವತ್ತೊಂದು! ಚಿಪ್ ಮತ್ತೆ ಎಂಬತ್ತೈದರ ಆಟ ಹೂಡಿದೆ ಎಂದುಕೊಂಡು, ಏನೋ ತಂತಿ ಸಡಿಲವಾಗಿದೆ ಎಂದು ಅತ್ತೆಗೆ ಹೇಳಿ ಕಣದ ಕಡೆ ಓಡಿದೆ.

ಪೆಟ್ಟಿಗೆಯ ಪಕ್ಕದಲ್ಲಿ ಮಾವ ಕುಕ್ಕರಗಾಲಲ್ಲಿ ಕೂತಿದ್ದರು. ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಬೀಸಣಿಗೆ. ಪೆಟ್ಟಿಗೆಯ ಕೆಳಗೆ ಒಂದು ಮಡಕೆ ತುಂಬ ನಿಗಿನಿಗಿ ಕೆಂಡ. ಮೇಲೆ ಒಂದಿಷ್ಟು ಸಾಂಬ್ರಾಣಿಯನ್ನೂ ಹಾಕಿದ್ದರು. ನನ್ನನ್ನು ಕಂಡು ಕದ್ದು ಸಿಕ್ಕಿಬಿದ್ದವರ ಹಾಗಾದರು.

"ಬಾಣಂತಿ ಮಂಚದ್ ಕೆಳಗೆ ಇಡಾಕಿಲ್ವೇನೇ," ಎಂದರು. "ಥಂಡಿಗೆ ಮುದುರ್ಕಂಡಿರ್ತಾವೆ ಅಂತ ಇಟ್ಟೆ. ಗಿರಿಜಂಗೆ ಹೇಳ್ಬ್ಯಾಡ."

ಬಾಗಿಲ ಸಂದಿಯಲ್ಲಿ ಹುಳಗಳು ಗಾಬರಿಯಿಂದ ಹೊರಬಂದು ಮಳೆಯನ್ನು ನೋಡಿ ಒಳಹೋಗಿ ಮತ್ತೆ ಹೊರಬರುತ್ತಿದ್ದವು. ಹೊಗೆ, ಶಾಖ ಹೆಚ್ಚಾದರೆ ತುಡುವೆ ಗೂಡು ಬಿಟ್ಟು ಎದ್ದು ಹೋಗುತ್ತದೆ. ಆ ಮಳೆಗೆ ಎದ್ದರೆ ಒಂದೂ ಉಳಿಯುವುದಿಲ್ಲ. ನಾನು ಬರಿಗೈಯಲ್ಲೇ ಮಡಕೆ ಎಳೆದು ಚರಂಡಿಗೆ ಕವುಚಿದೆ. ಬೆರಳು ಚುರ್ ಎಂದಿತು. ಆದರೆ ನೋಡಿದ್ದನ್ನು ಗಂಟಲಲ್ಲಿ ಇಟ್ಟುಕೊಳ್ಳಲು ಆಗಲಿಲ್ಲ. ಹುಳ ಇದ್ದಾವೆ ಮಾವ, ಓಡಾಡ್ತಿದ್ದಾವೆ, ಎಂದು ಕೂಗಿಯೇ ಬಿಟ್ಟೆ. ಮಾವ ಕೊಡೆಯನ್ನು ಪೆಟ್ಟಿಗೆಯ ಮೇಲೆ ಹಿಡಿದು ತಾವು ನೆನೆಯುತ್ತ ನಿಂತರು.

ಅತ್ತೆಗೆ ಎಲ್ಲ ಹೇಳಿದೆ, ಬಾಣಂತಿಯ ಮಾತನ್ನೂ ಹೇಳಿದೆ. ಅವರು ನಗುತ್ತ ನಗುತ್ತ ಅತ್ತರು. ಆಮೇಲೆ ಕಣ್ಣೊರೆಸಿಕೊಂಡು ನನಗೆ ಬಿಡಿಸಿ ಹೇಳಿದರು. ಕಾಡಿನಲ್ಲಿ ಹೂವಿಲ್ಲ, ಪೆಟ್ಟಿಗೆಯಲ್ಲಿ ಜೇನುತುಪ್ಪ ಮುಗಿದಿದೆ. ಹಸಿವಿಗೆ ರಾಣಿ ಮೊಟ್ಟೆಯಿಡುವುದು ನಿಲ್ಲಿಸಿದ್ದಾಳೆ. ಮರಿ ಇಲ್ಲದ ಮೇಲೆ ಬಿಸಿ ಯಾಕೆ ಬೇಕು, ಎಲ್ಲ ಒಂದು ಮೂಲೆಗೆ ಹೋಗಿ ಗುಂಪುಗೂಡಿ ಕೂತಿವೆ. ಮರುದಿನ ಬೆಳಗ್ಗೆ ಕೆಂಡದ ಕಾವೆಲ್ಲ ಆರಿದ ಮೇಲೆ ಅಂಕಿ ನೋಡಿದೆ. ಒಳಗೆ ಇಪ್ಪತ್ತೆರಡೂವರೆ, ಹೊರಗೆ ಹದಿನೆಂಟೂವರೆ. ಖಾಲಿ ಪೆಟ್ಟಿಗೆಯಾಗಿದ್ದರೆ ಒಳಗೂ ಹೊರಗೂ ಒಂದೇ ಆಗಬೇಕಿತ್ತು. ನಡುವಿನ ಆ ನಾಲ್ಕು ಡಿಗ್ರಿ ಅಷ್ಟೂ ಹೊತ್ತು ನನ್ನ ಕಣ್ಣೆದುರೇ ಇತ್ತು. ಇಳಿಯುತ್ತಿರುವುದನ್ನೇ ನೋಡಿ ಗಾಬರಿಯಾಗಿ, ಎಲ್ಲಿ ನಿಂತಿದೆ ಎಂದು ನಾವ್ಯಾರೂ ನೋಡಿರಲಿಲ್ಲ.

ಅವಕ್ಕೆ ಉಣ್ಣಿಸಬೇಕು, ಆದರೆ ಮುಚ್ಚಳ ತೆರೆಯುವಂತಿಲ್ಲ. ಸಕ್ಕರೆ ಪಾಕವನ್ನು ಬಾಟಲಿಗೆ ತುಂಬಿ, ಮುಚ್ಚಳಕ್ಕೆ ಸಣ್ಣ ತೂತು ಕೊರೆದು, ಹುಳಗಳ ಬಾಗಿಲಿಗೆ ಮಲಗಿಸಿ ಕಟ್ಟುವುದೆಂದು ಅತ್ತೆ ಹೇಳಿದರು. ಅದನ್ನು ನಾನೇ ಮಾಡ್ತೀನಿ ಎಂದು ಮಾವ ಎದ್ದರು. ಉಣ್ಣುತ್ತಿವೆಯೋ ಇಲ್ಲವೋ ತಿಳಿಯುವುದು ಹೇಗೆ? ಒಂದು ಹಿಡಿ ಹುಳ ಮೂಲೆಯಲ್ಲಿ ಅಲ್ಲಾಡಿದರೆ ನನ್ನ ಅರ್ಧ ಡಿಗ್ರಿಯ ಲೆಕ್ಕಕ್ಕೆ ಅದು ಸಿಗುವುದೇ ಇಲ್ಲ. ಲ್ಯಾಪ್‌ಟಾಪ್ ತೆಗೆದು ಕೂತೆ. ಒಳಗಿನ ಚಿಪ್ಪನ್ನು ಅದರ ಸಂಖ್ಯೆಯಿಂದ ಕರೆದು, ಇನ್ನು ಮೇಲೆ ಹದಿನಾರನೇ ಒಂದು ಪಾಲಿನ ಲೆಕ್ಕದಲ್ಲಿ ಅಳೆ ಎಂದು ಅದರ ನೆನಪಿನಲ್ಲಿ ಹೊಸದಾಗಿ ಬರೆದೆ. ಎಷ್ಟು ಬೇಕಾದರೂ ಸಮಯ ತಗೋ ಮಾರಾಯ, ನಾನು ಕಾಯುತ್ತೇನೆ ಎಂದು ಬಾಯಿಬಿಟ್ಟು ಹೇಳಿಯೂ ಹೇಳಿದೆ.

ಸಂಜೆ ಮಾವ ಬಾಟಲಿ ಕಟ್ಟಿ ಬಂದು ಮಂಚದ ತುದಿಯಲ್ಲಿ ಕೂತರು. ಮೂವರೂ ಉಸಿರು ಬಿಗಿಹಿಡಿದು ಪರದೆ ನೋಡಿದೆವು. 22.5000. ಬಹಳ ಹೊತ್ತು ಅದೇ. ಆಮೇಲೆ 22.5625. ಕೂದಲೆಳೆಯಷ್ಟು ಏರಿಕೆ, ಅದೂ ಸುಳ್ಳಿರಬಹುದು. 22.6250. ಹೊರಗೆ ಕತ್ತಲಾಗುತ್ತ ಕೆಳಗಿನ ಅಂಕಿ ಇಳಿಯುತ್ತಿದೆ, ಮೇಲಿನದು ಏರುತ್ತಿದೆ! 22.6875. ಇದು ಕೆಂಡವಲ್ಲ, ಬಿಸಿಲಲ್ಲ, ಬೇರೆ ಯಾರೂ ಅಲ್ಲ.

"ಉಣ್ತಾವೆ ಕಣ್ರೀ," ಎಂದರು ಅತ್ತೆ, ಬಹಳ ಮೆಲ್ಲಗೆ.

ಆಮೇಲೆ ದಿನಾ ಸಂಜೆ ಬಾಟಲಿ ಕಟ್ಟುವುದು ಮಾವನ ವ್ರತವಾಯಿತು. ಮನೆಯಲ್ಲಿ ಕಾಫಿಗೆ ಬೆಲ್ಲ ಬಂತು, ಸಕ್ಕರೆಯೆಲ್ಲ ಹುಳಕ್ಕೆ. ಆಶ್ಲೇಷದಲ್ಲಿ ಅಂಕಿ ಇಪ್ಪತ್ತಾರು ದಾಟಿತು. ಮಖೆಯ ಬಿಸಿಲು ಮಳೆ ಕಣ್ಣಾಮುಚ್ಚಾಲೆಯಾಡಲು ಶುರುಮಾಡಿದಾಗ ಮೂವತ್ತು. ಒಂದು ಬೆಳಗ್ಗೆ ಮೂವತ್ತನಾಲ್ಕೂವರೆಗೆ ಬಂದು ಕೂತಿತು, ಸಂಜೆಯೂ ಅಲ್ಲೇ, ಮರುದಿನವೂ ಅಲ್ಲೇ. ರಾಣಿ ಮೊಟ್ಟೆ ಇಟ್ಟವಳೆ, ಇನ್ನು ತೆರೆದು ನೋಡೋದೇನಿದೆ ಎಂದು ಅತ್ತೆ ಹೇಳಿ, ಅವತ್ತು ಎರಡು ಮುದ್ದೆ ಉಂಡರು. ನಾನು ಅಂಗಳದಲ್ಲಿ ಸುಮ್ಮಸುಮ್ಮನೆ ಎರಡು ಸುತ್ತು ಓಡಿದೆ.

ಪ್ಲಾಸ್ಟರು ಬಿಚ್ಚಿಸಿಕೊಂಡು ಬಂದ ವಾರವೇ ಮಗ್ಗೆಯ ಶಿವಣ್ಣ ಗಾಡಿ ತಗೊಂಡು ಬಂದ. ಒಂದು ಉಳಿದ ಸುದ್ದಿ ಅವನಿಗೆ ಯಾರೂ ಹೇಳಿರಲಿಲ್ಲ. ಅತ್ತೆ ಕೋಲು ಊರಿಕೊಂಡು ಬಾಗಿಲಿಗೆ ಬಂದರು, ಬಾಯಿ ತೆರೆಯುವ ಮೊದಲೇ ಮಾವ ಅಡ್ಡ ಬಂದು ನಿಂತರು.

"ಪೆಟ್ಟಿಗೆ ಯಾವ್ದೂ ಖಾಲಿ ಇಲ್ಲ ಕಣಪ್ಪ," ಎಂದರು.

ಅವರ ಬೆನ್ನ ಹಿಂದೆಯೇ, ಕೊಟ್ಟಿಗೆಯ ಗೋಡೆಗೆ, ಖಾಲಿ ಪೆಟ್ಟಿಗೆಗಳು ಜೇಡರ ಬಲೆ ಕಟ್ಟಿಕೊಂಡು ಒಂದರ ಮೇಲೊಂದು ನಿಂತಿದ್ದವು. ಶಿವಣ್ಣ ಅವುಗಳನ್ನು ನೋಡಿದ, ಮಾವನನ್ನು ನೋಡಿದ, ಅತ್ತೆಯನ್ನು ನೋಡಿದ. ಸಂತೋಷ ಬುಡಿ ಎಂದು ಹೇಳಿ, ಕೊಟ್ಟ ಕಾಫಿ ಕುಡಿದು ಹೋದ. ಗಾಡಿಯ ಸದ್ದು ತಿರುವು ದಾಟಿದ ಮೇಲೆ ಮಾವ ನನ್ನ ಹತ್ತಿರ ಬಂದು, ಅತ್ತೆಗೆ ಕೇಳಿಸದ ಹಾಗೆ ಎಂದುಕೊಂಡು, ಎಲ್ಲರಿಗೂ ಕೇಳಿಸುವ ಹಾಗೆ ಕೇಳಿದರು.

"ಆ ಒಂದ್ ತಂತಿಗೆ ಎಷ್ಟ್ ಪೆಟ್ಟಿಗೆ ಕಟ್ಬೋದೇ?"

ಎಷ್ಟು ಬೇಕಾದರೂ ಎಂದೆ. ಪ್ರತಿಯೊಂದಕ್ಕೂ ಅದರದೇ ಸಂಖ್ಯೆ ಇರುತ್ತದೆ, ಕರೆದದ್ದು ಮಾತ್ರ ಮಾತಾಡುತ್ತದೆ.

"ಹಂಗಾದ್ರೆ ಅಷ್ಟಕ್ಕೂ ತರ್ಸು," ಎಂದು ಹೇಳಿ ಮಾವ ಲುಂಗಿ ಎತ್ತಿಕಟ್ಟಿ, ಪೆಟ್ಟಿಗೆ ತೊಳೆಯಲು ಹಂಡೆಗೆ ನೀರು ತುಂಬಿ ಉರಿ ಹಾಕಿದರು.